ಮಗು ಎಲ್ಲಿದೆಯೋ ಊಟವೂ ಅಲ್ಲಿಗೇ

ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆ ದುಡಿಯುವ ಹೆಂಗಸರ ಎಳೆಯ ಮಕ್ಕಳು ಹಗಲನ್ನು ಎಲ್ಲಿ ಕಳೆಯುತ್ತಾರೋ ಅಲ್ಲಿಗೇ ಸರ್ಕಾರದ ಖರ್ಚಿನಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ತಲುಪಬೇಕು ಎಂದು ಹೇಳಿ ನೋಡಿ. ವಿರೋಧಿಸುವವರು ಎರಡು ಗುಂಪಾಗಿ ಬರುತ್ತಾರೆ. ಒಂದು ಗುಂಪಿಗೆ ಇದು ಮತ್ತೊಂದು ‘ಬಿಟ್ಟಿ ಭಾಗ್ಯ’. ಇನ್ನೊಂದು ಗುಂಪು ಬಡವರ ಪರವೇ; ಆದರೆ ಅಂಗನವಾಡಿ ಇರುವಾಗ ಇದೇಕೆ, ಮಾಲೀಕರು ಮಾಡಬೇಕಾದ್ದನ್ನು ಸರ್ಕಾರ ಏಕೆ ಮಾಡಬೇಕು ಎಂದು ಅದು ಕೇಳುತ್ತದೆ. ಮೊದಲನೆಯವರ ಗಂಟಲು ದೊಡ್ಡದು, ಎರಡನೆಯವರ ವಾದ ಗಟ್ಟಿ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಎರಡನೆಯವರಿಗೆ.

‘ಅಂಗನವಾಡಿ ಇದೆಯಲ್ಲ’ ಎಂಬ ಮಾತಿನಿಂದಲೇ ಶುರು ಮಾಡೋಣ. ಇದೆ, ನಿಜ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿಂದ ಅದು ಊರೂರಿಗೆ ಹರಡಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅಂಗನವಾಡಿಯ ಊಟ ಸರ್ಕಾರದ ದಯೆಯಾಗಿ ಉಳಿಯಲಿಲ್ಲ, ಮಗುವಿನ ಹಕ್ಕಾಯಿತು. ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ ದಿನಕ್ಕೆ 500 ಕಿಲೊ ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೊಟೀನ್ ಸಿಗುವಷ್ಟು ಆಹಾರ. ಅಪೌಷ್ಟಿಕತೆಯ ಮಗುವಾದರೆ 800 ಕಿಲೊ ಕ್ಯಾಲೊರಿ, 20ರಿಂದ 25 ಗ್ರಾಂ ಪ್ರೊಟೀನ್. ಮೂರು ತುಂಬಿದವರಿಗೆ ಅಂಗನವಾಡಿಯಲ್ಲೇ ಬೆಳಗಿನ ತಿಂಡಿ ಮತ್ತು ಬಿಸಿಯೂಟ. ಮೂರು ತುಂಬದವರಿಗೆ ಮನೆಗೆ ಒಯ್ಯುವ ಪಡಿ.

ತೊಡಕಿರುವುದು ಈ ‘ಮನೆಗೆ ಒಯ್ಯುವ’ ಎಂಬಲ್ಲಿ. ಯೋಜನೆ ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಹಳ್ಳಿ. ಅಲ್ಲಿ ತಾಯಿ ಹೊಲಕ್ಕೆ ಹೋದರೂ ಜಗಲಿಯ ಮೇಲೆ ಅಜ್ಜಿ ಇರುತ್ತಾಳೆ, ಅತ್ತಿಗೆ ಇರುತ್ತಾಳೆ, ಗಂಜಿ ಕಾಯಿಸಿ ಬಾಯಿಗಿಡಲು ಒಂದು ಕೈ ಇರುತ್ತದೆ. ಗೊರಗುಂಟೆಪಾಳ್ಯದ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಂಗಸು ಬೆಳಿಗ್ಗೆ ಎಂಟಕ್ಕೆ ಬಾಡಿಗೆ ಕೋಣೆಗೆ ಬೀಗ ಹಾಕಿದರೆ ಅದು ತೆರೆಯುವುದು ಸಂಜೆ ಆರೂವರೆ–ಏಳಕ್ಕೆ. ಸರ್ಕಾರ ಕೊಟ್ಟ ಪುಷ್ಟಿ ಹಿಟ್ಟಿನ ಪೊಟ್ಟಣ ಆ ಬೀಗದ ಒಳಗಿರುತ್ತದೆ, ಮಗು ಹೊರಗಿರುತ್ತದೆ. ಅದು ಪಕ್ಕದ ಬೀದಿಯಲ್ಲಿ ‘ಬೇಬಿ ಸಿಟ್ಟಿಂಗ್’ ಮಾಡುವ ಆಂಟಿಯ ಮನೆಯಲ್ಲಿರಬಹುದು, ಶಾಲೆ ಬಿಡಿಸಿ ಕೂರಿಸಿದ ಅಕ್ಕನ ಸೊಂಟದ ಮೇಲಿರಬಹುದು. ಒಂದು ವರ್ಷದ ಮಗುವಿನ ಹೊಟ್ಟೆ ಸಣ್ಣದು, ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಒಂಬತ್ತು ತಿಂಗಳು ದಾಟಿದ ಮಗುವಿಗೆ ದಿನಕ್ಕೆ ಮೂರು–ನಾಲ್ಕು ಊಟ, ಮಧ್ಯೆ ಒಂದೆರಡು ಸಲ ಏನಾದರೂ ತಿನ್ನಲು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ದೊಡ್ಡ ಪಾಲು ತಾಯಿ ಕೆಲಸದಲ್ಲಿರುವ ಹೊತ್ತಿಗೇ ಬೀಳುತ್ತದೆ.

ಮೂರು ತುಂಬಿದ ಮಗುವಾದರೂ ಅಂಗನವಾಡಿಯ ಬಿಸಿಯೂಟ ಉಣ್ಣಬಹುದಲ್ಲ ಎನ್ನಿ. ಉಣ್ಣಬಹುದು, ಯಾರಾದರೂ ಕರೆದುಕೊಂಡು ಹೋದರೆ. ಅಂಗನವಾಡಿ ತೆರೆಯುವಷ್ಟರಲ್ಲಿ ತಾಯಿ ಹೊಲಿಗೆ ಯಂತ್ರದ ಮುಂದೆ ಕುಳಿತಾಗಿರುತ್ತದೆ. ಅದು ಮುಚ್ಚುವ ಹೊತ್ತಿಗೆ ಆಕೆಯ ಪಾಳಿ ಮುಗಿದಿರುವುದಿಲ್ಲ. ನಡುವಿನ ಹೊತ್ತಿಗೆ ಮಗುವನ್ನು ತಲುಪಿಸುವವರು, ವಾಪಸ್ ತರುವವರು ಬೇಕು. ಅಷ್ಟು ಜನ ಮನೆಯಲ್ಲಿದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಎಂದಲ್ಲ. ರಾಷ್ಟ್ರೀಯ ಶಿಶುಪಾಲನಾ ಯೋಜನೆಯ ಕಾಗದ ತೆರೆದರೆ ಎಲ್ಲವೂ ಇದೆ: ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ, ಕೇಂದ್ರಕ್ಕೆ 25 ಮಕ್ಕಳು, ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ, ಪೂರಕ ಆಹಾರ. ಬಡತನ ರೇಖೆಯ ಕೆಳಗಿನವರಿಗೆ ತಿಂಗಳಿಗೆ 20 ರೂಪಾಯಿ ಶುಲ್ಕ. 2022ರಲ್ಲಿ ಅದಕ್ಕೆ ‘ಪಾಲನಾ’ ಎಂದು ಹೊಸ ಹೆಸರಿಟ್ಟು, ಇಡೀ ದೇಶಕ್ಕೆ 17 ಸಾವಿರ ಅಂಗನವಾಡಿ ಸಹಿತ ಶಿಶುಪಾಲನಾ ಕೇಂದ್ರಗಳ ಗುರಿ ಇಟ್ಟರು. ನಮ್ಮ ರಾಜ್ಯ 2023–24ರ ಬಜೆಟ್‌ನಲ್ಲಿ ‘ಕೂಸಿನ ಮನೆ’ ಘೋಷಿಸಿತು: ಉದ್ಯೋಗ ಖಾತ್ರಿ ಕೂಲಿಗೆ ಹೋಗುವವರ ಮಕ್ಕಳಿಗೆ 4,000 ಗ್ರಾಮ ಪಂಚಾಯಿತಿಗಳಲ್ಲಿ. ಒಳ್ಳೆಯ ಕೆಲಸ, ಹೆಸರೂ ಚೆಂದ. ಆದರೆ ಯಲಹಂಕದ ಕೋಗಿಲು, ಜಕ್ಕೂರು, ಬಾಗಲೂರು ಕ್ರಾಸ್‌ನಲ್ಲಿ ಗ್ರಾಮ ಪಂಚಾಯಿತಿಯೂ ಇಲ್ಲ, ಉದ್ಯೋಗ ಖಾತ್ರಿಯೂ ಇಲ್ಲ. ರಾಯಚೂರಿನ ಕೂಲಿಯ ಮಗು ಊರಲ್ಲಿದ್ದರೆ ಕೂಸಿನ ಮನೆಯಲ್ಲಿ ಉಣ್ಣಬಹುದು. ಅಪ್ಪ ಅಮ್ಮನ ಜೊತೆ ಅಪಾರ್ಟ್‌ಮೆಂಟ್ ಕಟ್ಟಲು ಬೆಂಗಳೂರಿಗೆ ಬಂದರೆ ಮರಳು ರಾಶಿಯ ಪಕ್ಕದಲ್ಲಿ ಕೂತು ಬಿಸ್ಕತ್ತು ತಿನ್ನಬೇಕು.

‘ಹಾಗಾದರೆ ಅಂಗನವಾಡಿಯನ್ನೇ ಹೆಚ್ಚಿಸಿ’ ಎನ್ನುವವರಿಗೆ: ಖಂಡಿತ ಹೆಚ್ಚಿಸಲಿ. 2006ರ ಡಿಸೆಂಬರ್ 13ರಂದೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಆರು ವರ್ಷದೊಳಗಿನ 40 ಮಕ್ಕಳಿರುವ ಕೊಳೆಗೇರಿಯಲ್ಲಿ ಅಂಗನವಾಡಿ ಇಲ್ಲದಿದ್ದರೆ, ಅಲ್ಲಿನವರು ಕೇಳಿದ ಮೂರು ತಿಂಗಳೊಳಗೆ ಅದನ್ನು ತೆರೆಯಬೇಕು. ಆದೇಶ ಬಂದು ಇಷ್ಟು ವರ್ಷವಾದರೂ ಥಣಿಸಂದ್ರದ ಕಡೆಯ ತಗಡಿನ ಶೆಡ್ಡುಗಳಲ್ಲಿ ಇರುವವರಿಗೆ ಹಾಗೆ ಕೇಳಬಹುದು ಎಂಬುದೇ ತಿಳಿಯದು. ತಿಳಿದರೂ ಕಟ್ಟಡ ಮುಗಿದೊಡನೆ ಶೆಡ್ಡು ಇನ್ನೊಂದು ಕಡೆಗೆ ಹೋಗುತ್ತದೆ, 40ರ ಲೆಕ್ಕ ಮತ್ತೆ ಮೊದಲಿನಿಂದ ಶುರು. ಮಕ್ಕಳೇ ಜಾಗ ಬದಲಿಸುತ್ತಿರುವಾಗ ಗೋಡೆ ಕಟ್ಟಿ ಕಾಯುವ ಯೋಜನೆ ಸಾಲದು ಎಂಬುದಷ್ಟೇ ನನ್ನ ವಾದ.

ಇನ್ನು ಮೊದಲ ಗುಂಪಿನವರ ಪ್ರಶ್ನೆ, ‘ಹೆತ್ತವರ ಜವಾಬ್ದಾರಿ ಸರ್ಕಾರದ್ದು ಹೇಗಾಗುತ್ತದೆ’ ಎಂಬುದು. ಸಂವಿಧಾನದ 47ನೇ ವಿಧಿ ಜನರ ಪೌಷ್ಟಿಕತೆಯ ಮಟ್ಟ ಏರಿಸುವುದನ್ನು ರಾಜ್ಯದ ಮೊದಲ ಕರ್ತವ್ಯಗಳಲ್ಲಿ ಎಣಿಸಿದೆ. ಅದನ್ನು ಓದಿ ಹೇಳಿದರೆ ಈ ಗುಂಪಿಗೆ ಬೇಸರ. ಆದ್ದರಿಂದ ಬೇರೆ ದಾರಿಯಿಂದ ಬರುತ್ತೇನೆ. ಇವತ್ತು ಅರವತ್ತು ದಾಟಿದ, ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿ ಈಗ ಸಹಕಾರನಗರದಲ್ಲೋ ಆರ್.ಟಿ. ನಗರದಲ್ಲೋ ಸ್ವಂತ ಮನೆ ಕಟ್ಟಿಕೊಂಡಿರುವ ಎಷ್ಟು ಮಂದಿ ‘ಕೇರ್’ ಸಂಸ್ಥೆಯ ಉಪ್ಪಿಟ್ಟು, ಪುಡಿ ಹಾಲು ಉಂಡವರಲ್ಲ? ಆ ಉಪ್ಪಿಟ್ಟಿನ ಘಮವನ್ನು ಬಾಯಿ ತುಂಬ ನೆನೆಯುತ್ತಾರೆ. ಅದರಿಂದ ಅವರ ಅಪ್ಪಂದಿರು ಸೋಮಾರಿಗಳಾದರೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅಂದಿನದು ಅಮೆರಿಕದ ದಾನ, ಇಂದು ಕೇಳುತ್ತಿರುವುದು ನಮ್ಮದೇ ತೆರಿಗೆಯ ಹಣ. ಆ ತೆರಿಗೆಯಲ್ಲಿ ಗಾರ್ಮೆಂಟ್ಸ್‌ನ ಹೆಣ್ಣುಮಗಳು ಸೋಪು, ಬಿಸ್ಕತ್ತು ಕೊಂಡಾಗ ಕಟ್ಟಿದ ಜಿಎಸ್‌ಟಿಯೂ ಇದೆ.

ಹೆತ್ತವರು ಕೈಕಟ್ಟಿ ಕೂತಿಲ್ಲ ಎಂಬುದೂ ಇಲ್ಲಿ ಮುಖ್ಯ. ಅವರು ದುಡಿಯಲು ಹೋಗಿರುವುದರಿಂದಲೇ ಮಗು ಬೇರೆಯವರ ಕೈಯಲ್ಲಿದೆ. ಕೆಲಸ ಬಿಟ್ಟು ಮನೆಯಲ್ಲಿದ್ದರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಬೇಳೆ ಇಲ್ಲ. ಜವಾಬ್ದಾರಿಯ ಪಾಠ ಹೇಳುವವರು ಈ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಹೇಳುವುದಿಲ್ಲ.

ಇದೇ ಗುಂಪಿನಿಂದ ಇನ್ನೊಂದು ಮಾತು ಬರುತ್ತದೆ: ಒಂದು ಹೊತ್ತಿನ ಉಪ್ಪಿಟ್ಟು, ಒಂದು ಲೋಟ ಹಾಲಿನಿಂದ ಏನು ಮಹಾ ಆದೀತು? ಇದಕ್ಕೆ ಅಳೆದು ನೋಡಿದ ಉತ್ತರವಿದೆ. ಹೈದರಾಬಾದ್ ಬಳಿಯ 29 ಹಳ್ಳಿಗಳಲ್ಲಿ 1987ರಿಂದ 1990ರವರೆಗೆ ಒಂದು ಪ್ರಯೋಗ ನಡೆಯಿತು. ಅಂಗನವಾಡಿ ಯೋಜನೆ ಕಾಲಿಟ್ಟಿದ್ದ 15 ಹಳ್ಳಿಗಳ ಗರ್ಭಿಣಿಯರಿಗೆ, ಆರು ವರ್ಷದೊಳಗಿನ ಮಕ್ಕಳಿಗೆ ಮೆಕ್ಕೆಜೋಳ–ಸೋಯಾ ಹಿಟ್ಟಿನ ಉಪ್ಪಿಟ್ಟು ಸಿಗುತ್ತಿತ್ತು. ಉಳಿದ 14 ಹಳ್ಳಿಗಳಿಗೆ ಯೋಜನೆ ಇನ್ನೂ ಬಂದಿರಲಿಲ್ಲ. ಆ ಮಕ್ಕಳು 13ರಿಂದ 18ರ ವಯಸ್ಸಿಗೆ ಬಂದಾಗ ಮತ್ತೆ ಹುಡುಕಿ ಅಳೆದರು. ಉಪ್ಪಿಟ್ಟು ಸಿಕ್ಕ ಹಳ್ಳಿಗಳವರು ಸರಾಸರಿ 14 ಮಿಲಿಮೀಟರ್ ಹೆಚ್ಚು ಎತ್ತರವಿದ್ದರು, ರಕ್ತನಾಳಗಳು ಕಡಿಮೆ ಬಿಗಿದಿದ್ದವು, ಮುಂದೆ ಸಕ್ಕರೆ ಕಾಯಿಲೆ, ಹೃದ್ರೋಗ ತರುವ ಲಕ್ಷಣಗಳೂ ಕಡಿಮೆ. 2008ರಲ್ಲಿ ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅದೇ ವರ್ಷ ಲ್ಯಾನ್ಸೆಟ್‌ನಲ್ಲಿ ಗ್ವಾಟೆಮಾಲಾದ ನಾಲ್ಕು ಹಳ್ಳಿಗಳ ಲೆಕ್ಕ ಬಂತು. ಹುಟ್ಟಿನಿಂದ ಎರಡು ವರ್ಷದವರೆಗೆ ಪ್ರೊಟೀನ್ ಬೆರೆತ ಗಂಜಿ ಕುಡಿದಿದ್ದ ಗಂಡುಮಕ್ಕಳು ದೊಡ್ಡವರಾದ ಮೇಲೆ ಗಂಟೆಗೆ ಗಳಿಸಿದ ಕೂಲಿ ಸರಾಸರಿ ಶೇ 46ರಷ್ಟು ಹೆಚ್ಚು. ಹೆಣ್ಣುಮಕ್ಕಳ ಕೂಲಿಯಲ್ಲಿ ಆ ಏರಿಕೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಮೂರು ವರ್ಷದ ಆಚೆಗೆ ಕೊಟ್ಟದ್ದು ಗಂಡುಮಕ್ಕಳ ಕೂಲಿಯನ್ನೂ ಏರಿಸಲಿಲ್ಲ. ನಮ್ಮಲ್ಲಿ ಬಿಸಿಯೂಟ ಶುರುವಾಗುವುದೇ ಮೂರು ವರ್ಷಕ್ಕೆ!

ಬೆಂಗಳೂರಿನಂಥ ಶ್ರೀಮಂತ ಊರಿನಲ್ಲಿ ಹಸಿವೆಲ್ಲಿದೆ ಎನ್ನುವವರ ಜೊತೆ ಹೆಚ್ಚು ಹೊತ್ತು ಕಳೆಯಲಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ 35.4. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 36.2 ಇತ್ತು. ಇಷ್ಟೆಲ್ಲ ಭಾಗ್ಯಗಳ ನಡುವೆ ಇಳಿದದ್ದು ಒಂದು ಶೇಕಡಾಂಶಕ್ಕಿಂತ ಕಡಿಮೆ. ರಕ್ತಹೀನತೆಯಂತೂ ಶೇ 60.9ರಿಂದ ಶೇ 65.5ಕ್ಕೆ ಏರಿತು. ನಮ್ಮ ಮೇಲ್ಸೇತುವೆಗಳ ಕೆಳಗೆ, ಮಾನ್ಯತಾ ಟೆಕ್ ಪಾರ್ಕ್‌ನ ಹಿಂದಿನ ಓಣಿಗಳಲ್ಲಿ ಇರುವವರಲ್ಲಿ ಹಲವರು ಈ ಅಂಕಿಗಳು ಅತಿ ಕೆಟ್ಟದಾಗಿರುವ ಜಿಲ್ಲೆಗಳಿಂದಲೇ ಬಂದವರು.

ಈಗ ಸೋರಿಕೆ. ಇದು ಹಗುರಾದ ಆಕ್ಷೇಪವಲ್ಲ. 2024ರಲ್ಲಿ ಕೊಪ್ಪಳ ಜಿಲ್ಲೆಯ ಒಂದು ಅಂಗನವಾಡಿಯಲ್ಲಿ ಮಕ್ಕಳ ತಟ್ಟೆಗೆ ಮೊಟ್ಟೆ ಇಟ್ಟು, ವಿಡಿಯೊ ಮಾಡಿ, ಆಮೇಲೆ ಎತ್ತಿಕೊಂಡದ್ದನ್ನು ರಾಜ್ಯವೇ ನೋಡಿತು. ಇಬ್ಬರನ್ನು ಅಮಾನತು ಮಾಡಿದರು. ಅದಕ್ಕೂ ಮುಂಚೆ ಟೆಂಡರ್ ಮೂಲಕ ಬಂದ ಮೊಟ್ಟೆ ಕೊಳೆತಿದೆ, ಗೋಲಿಯಷ್ಟಿದೆ ಎಂಬ ದೂರುಗಳು ಹಲವು ಜಿಲ್ಲೆಗಳಿಂದ ಬಂದಿದ್ದವು. ಪುಷ್ಟಿ ಹಿಟ್ಟು ಎಮ್ಮೆಯ ಬಾನಿಗೆ ಹೋಗುತ್ತದೆ ಎಂಬ ಗೇಲಿ ಬಲು ಹಳೆಯದು. ಇಷ್ಟಿರುವಾಗ ಇನ್ನೂ ನೂರಾರು ಸಣ್ಣ ಸಣ್ಣ ಕೇಂದ್ರಗಳಿಗೆ ಊಟ ಹಂಚಿದರೆ ಕದಿಯಲು ನೂರಾರು ಹೊಸ ಬಾಗಿಲು ತೆರೆದಂತೆ ಎಂದು ವಿರೋಧಿಗಳು ಹೇಳುತ್ತಾರೆ.

ಕಳವು ಎಲ್ಲಿ ಆಗುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಿದರೆ ಚಿತ್ರ ಬೇರೆ. ದೊಡ್ಡ ಕಳವು ಆಗುವುದು ತಟ್ಟೆಯ ಬಳಿಯಲ್ಲಲ್ಲ. ಗೋದಾಮಿಗೂ ಮೊದಲು, ಟೆಂಡರ್ ಬರೆಯುವ ಮೇಜಿನ ಮೇಲೆ. 2004ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ಅಂಗನವಾಡಿ ಆಹಾರಕ್ಕೆ ಗುತ್ತಿಗೆದಾರರನ್ನು ಬಳಸಬಾರದು, ಸ್ವಸಹಾಯ ಸಂಘಗಳು, ಮಹಿಳಾ ಮಂಡಳಗಳ ಮೂಲಕ ಕೊಳ್ಳಿ, ಬೇಯಿಸಿ ಎಂದು ಹೇಳಿದ್ದು ಸುಮ್ಮನೆ ಅಲ್ಲ. ಆ ಆದೇಶದ ಬಳಿಕವೂ ಮಹಿಳಾ ಸಂಘಗಳ ಹೆಸರಿನ ಹಿಂದೆ ಕಂಪನಿಗಳು ನಿಂತು ವ್ಯವಹಾರ ಮಾಡಿದ ಆರೋಪ ಕರ್ನಾಟಕದಲ್ಲೇ ಎದ್ದು, ಲೋಕಾಯುಕ್ತದವರೆಗೆ ಹೋಯಿತು. ಆದ್ದರಿಂದ ‘ದೊಡ್ಡ ಕಂಪನಿಗೆ ಕೊಟ್ಟು ಸೀಲ್ ಮಾಡಿದ ಪೊಟ್ಟಣ ಹಂಚಿ, ಸೋರಿಕೆ ನಿಲ್ಲುತ್ತದೆ’ ಎನ್ನುವವರು ರೋಗವನ್ನೇ ಮದ್ದೆಂದು ಬರೆದುಕೊಡುತ್ತಿದ್ದಾರೆ. ಕೊಪ್ಪಳದ ಮೊಟ್ಟೆ ಹೊರಬಿದ್ದದ್ದು ಹೇಗೆ? ಅದು ಕಣ್ಣಿಗೆ ಕಾಣುವ ವಸ್ತು. ತಟ್ಟೆಯಲ್ಲಿ ಇದೆಯೋ ಇಲ್ಲವೋ ಎಂದು ಮೂರು ವರ್ಷದ ಮಗುವೂ ಮನೆಗೆ ಬಂದು ಹೇಳುತ್ತದೆ. ಪುಡಿಯಲ್ಲಿ ಪ್ರೊಟೀನ್ ಎಷ್ಟಿದೆ ಎಂದು ಹೇಳಲು ಪ್ರಯೋಗಾಲಯ ಬೇಕು.

ಶಿಶುಪಾಲನಾ ಕೇಂದ್ರದಲ್ಲಿ ಇನ್ನೊಂದು ಅನುಕೂಲವಿದೆ. ಅಲ್ಲಿಗೆ ತಾಯಿ ದಿನಕ್ಕೆ ಎರಡು ಸಲ ಬರುತ್ತಾಳೆ, ಬಿಡಲು ಮತ್ತು ಕರೆದೊಯ್ಯಲು. ತಪಾಸಣೆಗೆ ಇಲಾಖೆಯ ಮೇಲ್ವಿಚಾರಕಿ ತಿಂಗಳಿಗೊಮ್ಮೆ ಬರಬಹುದು, ಬರದಿರಲೂಬಹುದು. ಸಂಜೆ ಮಗುವಿನ ಬಾಯಿ ಮೂಸಿ ‘ಏನು ತಿಂದೆ ಕಂದ’ ಎಂದು ಕೇಳುವ ತಾಯಿ ತಪ್ಪುವುದಿಲ್ಲ. ಅಂಗನವಾಡಿಗಳಿಗೆ ಬಾಲವಿಕಾಸ ಸಮಿತಿ ಇರುವ ಹಾಗೆ ಇಲ್ಲಿಯೂ ತಾಯಂದಿರ ಸಮಿತಿಯ ಕೈಗೆ ತರಕಾರಿ, ಮೊಟ್ಟೆಯ ಹಣ ಕೊಟ್ಟು, ವಾರದ ಖರ್ಚನ್ನು ಗೋಡೆಯ ಮೇಲೆ ಬರೆಸಿದರೆ ಆಗುವ ಸೋರಿಕೆ ಟೆಂಡರ್‌ನಲ್ಲಿ ಆಗುವುದರ ಕಾಲುಭಾಗವೂ ಇರಲಾರದು ಎಂಬುದು ನನ್ನ ಅಂದಾಜು. ಪೂರ್ತಿ ನಿಲ್ಲುತ್ತದೆ ಎಂದು ಹೇಳುವಷ್ಟು ಮುಗ್ಧನಲ್ಲ.

ಸೋರಿಕೆಯ ಹೆಸರಿನಲ್ಲಿ ಬರುವ ಯಂತ್ರಗಳ ಬಗ್ಗೆಯೂ ಎಚ್ಚರ ಬೇಕು. 2025ರ ಜುಲೈಯಿಂದ ಮನೆಗೆ ಒಯ್ಯುವ ಪಡಿಗೆ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಗುರುತಿಸುವುದು ಕಡ್ಡಾಯವಾಯಿತು. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬದಲಾಗಿದ್ದರೆ, ಫೋನು ಗಂಡನ ಬಳಿ ಕೆಲಸದ ಜಾಗದಲ್ಲಿದ್ದರೆ, ಒಟಿಪಿ ಬರದಿದ್ದರೆ ಪಡಿ ನಿಲ್ಲುತ್ತದೆ. ಕಳ್ಳನನ್ನು ಹಿಡಿಯಲು ಹಾಕಿದ ಬೇಲಿಯಲ್ಲಿ ಸಿಕ್ಕಿಕೊಳ್ಳುವುದು ಮಗು. ಮಗುವಿನ ಎದುರಿಗೇ ಬಡಿಸುವ ಊಟಕ್ಕೆ ಯಾರ ಮುಖವನ್ನೂ ಪರೀಕ್ಷಿಸಬೇಕಾಗಿಲ್ಲ.

ಮೊಟ್ಟೆಯ ವಿಷಯಕ್ಕೆ ಬಂದರೆ ಸಭ್ಯರೂ ದನಿ ಏರಿಸುತ್ತಾರೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ‘ಮೊಟ್ಟೆ ಬೇಕು’ ಎಂದು ಶಾಲೆಯ ಹೆಣ್ಣುಮಕ್ಕಳೇ ಗಂಗಾವತಿಯಲ್ಲಿ ದನಿ ಎತ್ತಿದ್ದು ಸುದ್ದಿಯಾಯಿತು. ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಣ ಸೇರಿಸಿದ ಮೇಲೆ ಶಾಲೆಗಳಲ್ಲಿ ವಾರಕ್ಕೆ ಆರು ದಿನವಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ತಿನ್ನದವರಿಗೆ ಬಾಳೆಹಣ್ಣು ಸಿಕ್ಕಿತು. ಆರು ವರ್ಷದ ಮಗುವಿಗೆ ಶಾಲೆಯಲ್ಲಿ ಸಿಗುವ ಮೊಟ್ಟೆ, ಅದರ ಅಗತ್ಯ ಇನ್ನೂ ಹೆಚ್ಚಿರುವ ಒಂದೂವರೆ ವರ್ಷದ ತಂಗಿಗೆ ಏಕೆ ಸಿಗಬಾರದು ಎಂಬುದಕ್ಕೆ ಈವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೊಟೀನ್. ಕಾಯ್ದೆ ಹೇಳುವುದರ ಹತ್ತಿರ ಹತ್ತಿರ ಅರ್ಧ ಅದರಲ್ಲೇ ಮುಗಿಯುತ್ತದೆ. ಮನೆಯಲ್ಲಿ ತಿನ್ನದವರ ಮಗುವಿಗೆ ಬಲವಂತವಾಗಿ ತಿನ್ನಿಸಿ ಎಂದು ಯಾರೂ ಕೇಳುತ್ತಿಲ್ಲ. ಅವರಿಗೆ ಹಾಲು, ಹೆಸರುಬೇಳೆ, ಕಡಲೆಬೀಜ ಇದೆ. ಆದರೆ ತಿನ್ನದವರ ನಂಬಿಕೆಯ ಮೇಲೆ ತಿನ್ನುವವರ ಮಕ್ಕಳ ತಟ್ಟೆ ನಿರ್ಧಾರವಾಗಬಾರದು. ಈ ರಾಜ್ಯದಲ್ಲಿ ತಿನ್ನುವವರೇ ಹೆಚ್ಚು.

ಉತ್ತರ ಬೆಂಗಳೂರಿನವರು ಮೊಟ್ಟೆ ಬೇಡವೆಂಬ ವಾದ ಮಾಡುವುದು ನನಗೆ ವಿಶೇಷ ತಮಾಷೆಯಾಗಿ ಕಾಣುತ್ತದೆ. ಹಿತ್ತಲಲ್ಲಿ ಸಾಕಲು ಸುಲಭವಾದ, ನಾಟಿ ಕೋಳಿಗಿಂತ ಹೆಚ್ಚು ಮೊಟ್ಟೆ ಇಡುವ ಗಿರಿರಾಜ ತಳಿ ರೂಪುಗೊಂಡದ್ದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ. ಅಲ್ಲಿಂದ ಸ್ವಲ್ಪ ಮುಂದೆ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ.; ರಾಜ್ಯದ ರೈತರು ದಶಕಗಳಿಂದ ಬಿತ್ತುತ್ತಿರುವ ಜಿಪಿಯು–28 ರಾಗಿ ಬಂದದ್ದು ಆ ಆವರಣದಿಂದ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ, ಅಕ್ಕಿಯಲ್ಲಿ ಹೆಸರಿಗಷ್ಟೇ. ಇನ್ನೂ ಮುಂದೆ ಹೋದರೆ ಯಲಹಂಕದಲ್ಲಿ ಕೆಎಂಎಫ್‌ನ ಮದರ್ ಡೇರಿ. 2013ರ ಆಗಸ್ಟ್‌ನಿಂದ ‘ಕ್ಷೀರಭಾಗ್ಯ’ದ ಹಾಲು ಅಂಗನವಾಡಿ, ಶಾಲೆಗಳಿಗೆ ಹೋಗುತ್ತಿದೆ, ತಲಾ 150 ಮಿಲಿಲೀಟರ್. ಮೊಟ್ಟೆ, ರಾಗಿ, ಹಾಲು ಮೂರರ ವಿದ್ಯೆಯೂ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲೇ ನಿಂತಿದೆ. ಅದೇ ರಸ್ತೆಯ ಪಕ್ಕದ ಶೆಡ್ಡಿನಲ್ಲಿರುವ ಮಗುವಿಗೆ ಬೆಳಗಿನ ತಿಂಡಿ ಐದು ರೂಪಾಯಿಯ ಕುರುಕಲು ಪೊಟ್ಟಣ.

‘ಇವರೆಲ್ಲ ಹೊರಗಿನವರು, ಇಲ್ಲಿನ ತೆರಿಗೆಯಲ್ಲಿ ಇವರಿಗೇಕೆ ಊಟ’ ಎಂಬುದಕ್ಕೆ ಉತ್ತರ ಚಿಕ್ಕದು. ಹಲವರು ಯಾದಗಿರಿ, ಕಲಬುರಗಿ, ರಾಯಚೂರಿನವರು. ಹೊರಗಿನವರೆಂದರೆ ಕನ್ನಡಿಗರೇ ಹೊರಗಿನವರಾದರು. ಬಿಹಾರ, ಒಡಿಶಾ, ಬಂಗಾಳದಿಂದ ಯಶವಂತಪುರ ನಿಲ್ದಾಣದಲ್ಲಿ ಇಳಿದವರೂ ಇದ್ದಾರೆ. ಆಹಾರ ಭದ್ರತಾ ಕಾಯ್ದೆ ಕೇಂದ್ರದ್ದು, ಪೂರಕ ಆಹಾರದ ಅರ್ಧ ಹಣವೂ ಕೇಂದ್ರದ್ದು. ಎರಡು ವರ್ಷದ ಮಗುವಿಗೆ ಡೊಮಿಸೈಲ್ ಕೇಳುವ ವಿಧಿ ಅದರಲ್ಲಿ ಎಲ್ಲಿಯೂ ಇಲ್ಲ.

ನಾನು ಗಟ್ಟಿ ಎಂದ ವಾದ ಇನ್ನು ಮುಂದಿನದು. ಕಾರ್ಮಿಕ ಸಂಘಟನೆಗಳ ಕೆಲವು ಗೆಳೆಯರು ಹೀಗೆ ಕೇಳುತ್ತಾರೆ: ಕಾರ್ಖಾನೆಯ ಮಾಲೀಕ, ಬಿಲ್ಡರ್ ತಮ್ಮ ಖರ್ಚಿನಲ್ಲಿ ಮಾಡಬೇಕಾದ್ದನ್ನು ಸರ್ಕಾರ ಮಾಡಿಕೊಟ್ಟರೆ ಅದು ಮಗುವಿಗೆ ಕೊಟ್ಟದ್ದೋ, ಮಾಲೀಕನಿಗೆ ಕೊಟ್ಟದ್ದೋ? ಕಾನೂನು ಅವರ ಕಡೆಗೇ ಇದೆ. 1948ರ ಕಾರ್ಖಾನೆ ಕಾಯ್ದೆಯ 48ನೇ ಸೆಕ್ಷನ್, 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಪಾಲನಾ ಕೊಠಡಿ ಇರಬೇಕು ಎಂದಿತು. ಮಕ್ಕಳಿಗೆ ಉಚಿತ ಹಾಲು, ತಿಂಡಿ ಕೊಡಿಸುವ ನಿಯಮ ಮಾಡಲು ರಾಜ್ಯಗಳಿಗೆ ಅಧಿಕಾರ ಕೊಟ್ಟಿತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ನಿವೇಶನಕ್ಕೆ ಇದೇ ಹೊಣೆ ಬಂತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು, 50 ಅಥವಾ ಹೆಚ್ಚು ನೌಕರರಿರುವ ಎಲ್ಲ ಸಂಸ್ಥೆಗಳಿಗೂ ಅದು ವಿಸ್ತರಿಸಿತು.

ಈ ಆಕ್ಷೇಪದ ಅರ್ಧವನ್ನು ಒಪ್ಪುತ್ತೇನೆ. ಹೊಣೆ ಇರುವ ಮಾಲೀಕನಿಗೆ ಸರ್ಕಾರ ಒಂದು ಪೈಸೆಯನ್ನೂ ಕೊಡಬಾರದು. ಕೊಟ್ಟರೆ ವಸೂಲಿ ಮಾಡಬೇಕು. ಉಳಿದ ಅರ್ಧದಲ್ಲಿ ನನ್ನ ತಕರಾರು. ಕಾನೂನಿನ ಲೆಕ್ಕ ಹಿಡಿಯುವುದು ಒಂದೇ ಸೂರಿನಡಿ ದುಡಿಯುವವರ ತಲೆಯನ್ನು. ಆರ್.ಟಿ. ನಗರದಲ್ಲಿ ನಾಲ್ಕು ಮನೆಯ ಪಾತ್ರೆ ತೊಳೆಯುವವರಿಗೆ ನಾಲ್ಕು ಮಾಲೀಕರು. ಯಾರ ಮನೆಯಲ್ಲೂ 50 ಜನ ಇಲ್ಲ. ಯಶವಂತಪುರದ ಎಪಿಎಂಸಿ ಯಾರ್ಡ್‌ನಲ್ಲಿ ಈರುಳ್ಳಿ ಆರಿಸುವವರಿಗೆ ಮಾಲೀಕ ಯಾರೆಂದು ಅವರಿಗೇ ಗೊತ್ತಿರುವುದಿಲ್ಲ. ಕಟ್ಟಡದಲ್ಲಿ ಮೇಸ್ತ್ರಿಯ ಕೆಳಗೆ ಮೇಸ್ತ್ರಿ, ಹೀಗೆ ಒಡೆದು ಒಡೆದು ಯಾರ ಪಟ್ಟಿಯಲ್ಲೂ 50 ಜನ ಸೇರದಂತೆ ನೋಡಿಕೊಳ್ಳುವುದು ದೊಡ್ಡ ವಿದ್ಯೆಯೇನಲ್ಲ. ಕಾರ್ಖಾನೆಯಲ್ಲಿ ಕೊಠಡಿ ಇದ್ದರೂ ಬೆಳಗಿನ ಕಿಕ್ಕಿರಿದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಗೊರಗುಂಟೆಪಾಳ್ಯದವರೆಗೆ ಬರುವ ಧೈರ್ಯ ಎಷ್ಟು ಜನರಿಗಿದೆ? ಮಗು ಮನೆಯ ಹತ್ತಿರ ಉಳಿಯುತ್ತದೆ, ಕಾನೂನು ಕಾರ್ಖಾನೆಯ ಹತ್ತಿರ.

ಬಿಲ್ಡರ್‌ಗಳ ಹಣವಂತೂ ಆಗಲೇ ಸರ್ಕಾರದ ಕೈಯಲ್ಲಿದೆ. ಕಟ್ಟಡ ವೆಚ್ಚದ ಶೇ 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಬರುತ್ತದೆ, ಮೊತ್ತ ಸಾವಿರಾರು ಕೋಟಿ ಮುಟ್ಟಿದೆ. ಹೆಬ್ಬಾಳದಿಂದ ವಿಮಾನ ನಿಲ್ದಾಣದವರೆಗೆ ಎದ್ದಿರುವ ಗೋಪುರಗಳೆಲ್ಲ ಈ ಸೆಸ್ ಕಟ್ಟಿಯೇ ಎದ್ದಿರಬೇಕು. ಆ ಗೋಪುರ ಕಟ್ಟಿದವರ ಮಕ್ಕಳ ಊಟಕ್ಕೆ ಆ ಹಣ ಬಳಸಿದರೆ ಅದು ಬಿಲ್ಡರ್‌ಗೆ ಕೊಟ್ಟ ಸಬ್ಸಿಡಿಯಲ್ಲ, ಅವನಿಂದ ತೆಗೆದುಕೊಂಡದ್ದರ ಸದ್ಬಳಕೆ.

ಬೀದಿಯ ‘ಬೇಬಿ ಸಿಟ್ಟಿಂಗ್’ ಆಂಟಿಗೆ ಊಟದ ಹಣ ಕೊಟ್ಟರೆ ಖಾಸಗಿಯವರನ್ನು ಬೆಳೆಸಿದಂತೆ ಆಗದೇ? ಇಲ್ಲಿ ಅಮೆರಿಕದ ಅನುಭವ ಕೆಲಸಕ್ಕೆ ಬರುತ್ತದೆ. ಅಲ್ಲಿ 1968ರಿಂದ ಶಿಶುಪಾಲನಾ ಕೇಂದ್ರಗಳು ಬಡಿಸಿದ ಊಟದ ಲೆಕ್ಕಕ್ಕೆ ಕೇಂದ್ರ ಸರ್ಕಾರ ಹಣ ಕೊಡುತ್ತಿದೆ. ಮುಂದೆ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರಿಗೂ ಅದು ವಿಸ್ತರಿಸಿತು. ಷರತ್ತುಗಳಿವೆ: ಪರವಾನಗಿ ಅಥವಾ ಮಾನ್ಯತೆ ಇರಬೇಕು, ಹೇಳಿದ ಪಟ್ಟಿಯಂತೆ ಊಟ ಇರಬೇಕು, ವರ್ಷದಲ್ಲಿ ಹಲವು ಸಲ ಬಂದು ನೋಡಲು ಬಿಡಬೇಕು. ನಮ್ಮಲ್ಲಿ ಈ ಆಂಟಿಯರು ಯಾವ ದಾಖಲೆಯಲ್ಲೂ ಇಲ್ಲ. ಒಂದು ಕೋಣೆಯಲ್ಲಿ ಹತ್ತು ಮಕ್ಕಳಿದ್ದಾರೋ ಇಪ್ಪತ್ತೋ, ಕುಡಿಯುವ ನೀರು ಎಲ್ಲಿಯದು, ಗ್ಯಾಸ್ ಒಲೆ ಎಷ್ಟು ಎತ್ತರದಲ್ಲಿದೆ ಎಂದು ಕೇಳುವ ಅಧಿಕಾರ ಯಾರಿಗೂ ಇದ್ದಂತಿಲ್ಲ. ನೋಂದಾಯಿಸಿಕೊಳ್ಳಿ ಎಂದು ಹೆದರಿಸಿದರೆ ಬಾಗಿಲು ಹಾಕಿಕೊಳ್ಳುತ್ತಾರೆ, ಆಗ ನಷ್ಟ ತಾಯಂದಿರಿಗೆ. ನೋಂದಾಯಿಸಿಕೊಂಡರೆ ದಿನಾ ಹಾಲು, ಮೊಟ್ಟೆ, ಬೇಳೆ ಬರುತ್ತದೆ ಎಂದರೆ ತಾವಾಗಿ ಬರುತ್ತಾರೆ. ಊಟದ ಹಣದಿಂದ ಮಗುವಿನ ಹೊಟ್ಟೆ ತುಂಬುವುದರ ಜೊತೆಗೆ, ಇಲಾಖೆಗೆ ಆ ಕೋಣೆಯೊಳಗೆ ಕಾಲಿಡುವ ಹಕ್ಕು ಸಿಗುತ್ತದೆ. ನನಗೆ ಇಡೀ ಯೋಜನೆಯಲ್ಲಿ ಅತಿ ಬೆಲೆಯುಳ್ಳದ್ದಾಗಿ ಕಾಣುವುದು ಇದೇ.

ಕೊನೆಗೆ ದುಡ್ಡು. 2017ರಲ್ಲಿ ಪೂರಕ ಆಹಾರಕ್ಕೆ ಮಗುವಿಗೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆಯ ಮಗುವಿಗೆ 12 ರೂಪಾಯಿ ಎಂದು ನಿಗದಿಯಾಯಿತು. ಆಮೇಲೆ ಬೇಳೆ, ಎಣ್ಣೆ, ಗ್ಯಾಸ್ ಎಲ್ಲಿಗೆ ಏರಿವೆಯೆಂದು ಯಾರಿಗೂ ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಒಂದು ಮೊಟ್ಟೆ ಕೊಂಡರೆ ಅದರಲ್ಲಿ ಉಳಿಯುವುದು ಚಿಲ್ಲರೆ. ಆದ್ದರಿಂದ ನಾನು 8ರ ಮೂರು ಪಟ್ಟು, 24 ರೂಪಾಯಿ ಹಿಡಿಯುತ್ತೇನೆ. 25 ಮಕ್ಕಳ ಒಂದು ಕೇಂದ್ರಕ್ಕೆ ವರ್ಷಕ್ಕೆ 300 ದಿನ: 1 ಲಕ್ಷ 80 ಸಾವಿರ. ಉತ್ತರ ಬೆಂಗಳೂರಿನಲ್ಲಿ ಇಂಥ 200 ಕೇಂದ್ರ, 5,000 ಮಕ್ಕಳು ಎಂದುಕೊಳ್ಳಿ: 3 ಕೋಟಿ 60 ಲಕ್ಷ. ಹೆಬ್ಬಾಳದಿಂದ ಸಿಲ್ಕ್‌ಬೋರ್ಡ್‌ವರೆಗೆ ಕೊರೆಯಲು ಹೊರಟಿರುವ ಸುರಂಗ ರಸ್ತೆಗೆ ಅಂದಾಜು ಮಾಡಿದ್ದು ಸುಮಾರು 17 ಸಾವಿರ ಕೋಟಿ. ಸುರಂಗ ಬೇಕೋ ಬೇಡವೋ ಎಂಬ ಜಗಳ ಬೇರೆಯದು, ಇಲ್ಲಿ ಎಳೆದು ತರುವುದಿಲ್ಲ. ಅದಕ್ಕೆ ಹಣ ಹೊಂದಿಸಬಲ್ಲೆವು ಎನ್ನುವ ಸರ್ಕಾರ ಇದಕ್ಕೆ ಹಣವಿಲ್ಲ ಎನ್ನುವಂತಿಲ್ಲ, ಅಷ್ಟೇ. 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ತೆರೆದಾಗಲೂ ಇದೇ ಖಜಾನೆಯ ಕಥೆ ಹೇಳಿದ್ದರು. ದೊಡ್ಡವರಿಗೆ ಐದು ರೂಪಾಯಿಗೆ ಇಡ್ಲಿ ಕೊಡಲು ಅಡುಗೆಮನೆ, ವಾಹನ, ಸಿಬ್ಬಂದಿ ಎಲ್ಲವೂ ಹುಟ್ಟಿಕೊಂಡವು.

‘ಮೊದಲು ಇರುವ ಅಂಗನವಾಡಿಗಳನ್ನು ಸರಿ ಮಾಡಿ, ಕಾರ್ಯಕರ್ತೆಯರಿಗೆ ಸರಿಯಾದ ಸಂಬಳ ಕೊಡಿ, ಇದೆಲ್ಲ ಆಮೇಲೆ’ ಎಂದು ಹೇಳುವವರಲ್ಲಿ ಕಾರ್ಯಕರ್ತೆಯರೂ ಇದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ಗೌರವಧನದ ಹೆಸರಿನಲ್ಲಿ ದುಡಿಸಿಕೊಂಡು, ಸಮೀಕ್ಷೆ, ಚುನಾವಣೆ, ಆ್ಯಪ್ ಎಲ್ಲವನ್ನೂ ಅವರ ತಲೆಗೆ ಕಟ್ಟಿದ ಮೇಲೆ ಇನ್ನೊಂದು ಹೊರೆ ಬೇಡ ಎನ್ನುವುದು ಸಹಜ. ಅದಕ್ಕಾಗಿಯೇ ಹೊಸ ಕೇಂದ್ರಗಳ ಅಡುಗೆಗೆ ಬೇರೆ ಸಹಾಯಕಿ, ಬೇರೆ ಸಂಬಳ ಬೇಕು. 3 ಕೋಟಿ 60 ಲಕ್ಷದ ಲೆಕ್ಕದಲ್ಲಿ ಅದು ಸೇರಿಲ್ಲ, ಸೇರಿಸಿದರೆ ಮೊತ್ತ ಏರುತ್ತದೆ, ಏರಲಿ. ಆದರೆ ‘ಆಮೇಲೆ’ ಎಂಬುದನ್ನು ಒಪ್ಪಲಾರೆ. ಈಗ ಒಂದು ವರ್ಷದ ಮಗುವಿಗೆ ಆ ಹೊತ್ತಿಗೆ ಮೂರು ದಾಟಿರುತ್ತದೆ. ಹಣವಿಲ್ಲದೆ ಈಗಲೇ ಆಗಬಹುದಾದ ಒಂದು ಕೆಲಸವೂ ಇದೆ: ಮೂರು ತುಂಬದ ಮಗುವಿನ ಪಡಿಯನ್ನು, ತಾಯಿ ಬಯಸಿದರೆ, ಮನೆಯ ಬದಲು ಮಗು ಹಗಲು ಇರುವ ಕೇಂದ್ರಕ್ಕೇ ಕೊಟ್ಟು ಅಲ್ಲಿ ಬೇಯಿಸಿ ಉಣಿಸಲು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಅನುಮತಿ ಕೊಡುವುದು. ಯಲಹಂಕ, ಹೆಬ್ಬಾಳ, ಯಶವಂತಪುರದಲ್ಲಿ ತಲಾ ಹತ್ತು ಕಡೆ ಆರು ತಿಂಗಳು ನಡೆಸಿ, ಮೊದಲ ದಿನ ಮತ್ತು ಕೊನೆಯ ದಿನ ಮಕ್ಕಳನ್ನು ತೂಗಿ, ಎತ್ತರ ಅಳೆದು, ಆ ಅಂಕಿಗಳನ್ನು ಪ್ರಕಟಿಸಲಿ. ವಿರೋಧಿಸುವವರನ್ನೂ ತೂಕ ನೋಡಲು ಕರೆಯಲಿ.